ಸೃಜನಶೀಲ ಕಲಿಕೆ ಮತ್ತು ಪ್ರೋತ್ಸಾಹದ ಮಾತು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದಾಗ, ಶಾಲೆಯ ಚರಿತ್ರೆಯನ್ನೇ ಬರೆಯೋಣವೆಂದು ಮೊದಲು ಯೋಚಿಸಿದ್ದೆ. 1975ರಲ್ಲಿ ಮುಳಿಹುಲ್ಲಿನ ಮಾಡಿನ ಕೆಳಗೆ ಎರಡು ತರಗತಿಗಳಿಂದ ಆರಂಭವಾದ ಈ ವಿದ್ಯಾಮಂದಿರದಲ್ಲಿ ಮೊದಲ ವರ್ಷದಿಂದಲೇ ಅಧ್ಯಾಪಕನಾಗಿ, ಕೊನೆಯ ಹಲವು ವರ್ಷ ಮುಖ್ಯೋಪಾಧ್ಯಾಯನಾಗಿ ಸೇವೆ ಸಲ್ಲಿಸಿ, 2006ರಲ್ಲಿ ನಿವೃತ್ತನಾದವನು ನಾನು. ಆದರೆ ಆ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿದ್ದಾರೆ. ಆದ್ದರಿಂದ, ಎಪ್ಪತ್ತು ದಾಟಿದ ಮೇಲೆ ನಾನು ಹೊಸದಾಗಿ ಕಲಿತ ಒಂದು ವಿಷಯವನ್ನು ಓದುಗರ ಮುಂದಿಡಬಯಸುತ್ತೇನೆ.

ಮಹೋತ್ಸವದ ಪೂರ್ವಭಾವಿಯಾಗಿ ನಮ್ಮ ಹಳೆ ವಿದ್ಯಾರ್ಥಿಗಳು 2024ರ ಮಳೆಗಾಲದಲ್ಲಿ ಆರು ವಾರಗಳ ಒಂದು ಆನ್‌ಲೈನ್ ಶಿಬಿರವನ್ನು ಕನ್ನಡದಲ್ಲಿ ನಡೆಸಿದರು. ಅದರ ವಿಷಯ ‘ಸೃಜನಶೀಲ ಕಲಿಕೆ’. ಬೆಂಗಳೂರಿನಲ್ಲಿಯೂ ಮಂಗಳೂರಿನಲ್ಲಿಯೂ ಗಲ್ಫ್ ನಾಡುಗಳಲ್ಲಿಯೂ ಇರುವ ನಮ್ಮ ಮಕ್ಕಳು, ಊರಿನಲ್ಲಿರುವ ಅಧ್ಯಾಪಕರು ಹಾಗೂ ಹೆತ್ತವರು, ಎಲ್ಲರೂ ಸೇರಿ 34 ಮಂದಿ ಹೆಸರು ನೋಂದಾಯಿಸಿದ್ದೆವು. ಮೂರನೆಯ ವಾರ ಕಳೆಯುವಷ್ಟರಲ್ಲಿ ಉಳಿದವರು 14 ಮಂದಿ. ಕೊನೆಯ ದಿನ ತಮ್ಮ ಕೆಲಸವನ್ನು ತೋರಿಸಿದವರು 21 ಮಂದಿ. ಹದಿನಾಲ್ಕು ಇಪ್ಪತ್ತೊಂದು ಆದುದು ಹೇಗೆ ಎಂಬುದೇ ಈ ಲೇಖನದ ವಸ್ತು. ಬರುವ ಬೇಸಗೆ ರಜೆಯಲ್ಲಿ ಎರಡನೆಯ ಶಿಬಿರ ನಡೆಯಲಿರುವುದರಿಂದ, ಅದನ್ನು ನಡೆಸುವವರಿಗೂ ಸೇರಬಯಸುವವರಿಗೂ ಈ ಅನುಭವ ಉಪಯೋಗಕ್ಕೆ ಬಂದೀತೆಂದು ನಂಬಿದ್ದೇನೆ.

ಸೃಜನಶೀಲ ಕಲಿಕೆ ಎಂದರೇನು?

ಹೆಸರು ಹೊಸದಾಗಿ ಕೇಳಿಸಿದರೂ ವಿಚಾರ ಹಳೆಯದು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರಿಟ್ಟನು. ಅಲ್ಲಿ ಮಕ್ಕಳಿಗೆ ಮರದ ಚೆಂಡು, ಘನ, ಸಿಲಿಂಡರ್ ಮುಂತಾದ ವಸ್ತುಗಳನ್ನು ಕೊಟ್ಟು, ಅವನ್ನು ಜೋಡಿಸುತ್ತಾ ಬಿಡಿಸುತ್ತಾ ಆಕಾರವನ್ನೂ ಸಂಖ್ಯೆಯನ್ನೂ ತಾವಾಗಿ ಕಂಡುಕೊಳ್ಳುವಂತೆ ಮಾಡುತ್ತಿದ್ದರು. ನಮ್ಮ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನದಲ್ಲಿ ಮಾಡಿದ ಪ್ರಯೋಗಗಳ ಹಿಂದೆಯೂ, ಮಗು ತನ್ನ ಕೈಯಿಂದ, ಕಣ್ಣಿನಿಂದ, ಆಟದಿಂದ ಕಲಿಯಬೇಕೆಂಬ ಇಂತಹುದೇ ಹಂಬಲವಿತ್ತು.

ಈ ವಿಚಾರವನ್ನು ಕಂಪ್ಯೂಟರಿನ ಕಾಲಕ್ಕೆ ತಂದವರಲ್ಲಿ ಮುಖ್ಯರು ಸೇಮೂರ್ ಪಾಪರ್ಟ್. ದಕ್ಷಿಣ ಆಫ್ರಿಕಾದಲ್ಲಿ 1928ರಲ್ಲಿ ಜನಿಸಿದ ಈ ಗಣಿತಜ್ಞರು ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರೊಡನೆ ಕೆಲಸ ಮಾಡಿ, ಬಳಿಕ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು (ಎಂ.ಐ.ಟಿ.) ಸೇರಿದರು. 1967ರಲ್ಲಿ ಅವರೂ ಅವರ ಸಂಗಡಿಗರೂ ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಮಗುವು ಕಂಪ್ಯೂಟರು ಹೇಳಿದಂತೆ ಮಾಡುವುದಲ್ಲ, ಕಂಪ್ಯೂಟರಿಗೇ ಮಗು ಪಾಠ ಹೇಳಬೇಕು ಎಂಬುದು ಅವರ ಆಶಯ. ಪಾಪರ್ಟ್ 2016ರಲ್ಲಿ ತೀರಿಕೊಂಡರು. ಅವರ ದಾರಿಯಲ್ಲಿ ನಡೆದ ಮಿಚೆಲ್ ರೆಸ್ನಿಕ್ ಅವರ ತಂಡವು ಅದೇ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ಸಿದ್ಧಪಡಿಸಿ 2007ರಲ್ಲಿ ಲೋಕಕ್ಕೆ ನೀಡಿದ ‘ಸ್ಕ್ರ್ಯಾಚ್’ ಎಂಬ ಉಚಿತ ತಂತ್ರಾಂಶವನ್ನು ನಿಮ್ಮಲ್ಲಿ ಅನೇಕರ ಮಕ್ಕಳು ಬಳಸಿರಬಹುದು. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಕಥೆಯನ್ನೋ ಆಟವನ್ನೋ ನಿರ್ಮಿಸುವ ವಿಧಾನ ಅದು.

ರೆಸ್ನಿಕ್ ಅವರು 2017ರ ತಮ್ಮ ಗ್ರಂಥದಲ್ಲಿ ಸೃಜನಶೀಲ ಕಲಿಕೆಗೆ ನಾಲ್ಕು ಆಧಾರಗಳನ್ನು ಹೇಳುತ್ತಾರೆ. ಮೊದಲನೆಯದು, ಕೈಗೆತ್ತಿಕೊಂಡು ಮಾಡುವ ಒಂದು ಕೆಲಸ. ಎರಡನೆಯದು, ಆ ಕೆಲಸದಲ್ಲಿ ಕಲಿಯುವವನಿಗಿರುವ ಒಲವು. ಮೂರನೆಯದು ಒಡನಾಡಿಗಳು. ನಾಲ್ಕನೆಯದು ಆಟದ ಮನೋಭಾವ, ಅಂದರೆ ತಪ್ಪಲು ಹೆದರದೆ ಬೇರೆ ಬೇರೆ ರೀತಿಯಲ್ಲಿ ಮಾಡಿನೋಡುವ ಧೈರ್ಯ. ಬಾಯಿಪಾಠದ ಮಗ್ಗಿಯಲ್ಲಿ ಬೆಳೆದು, ಬಾಯಿಪಾಠದ ಮಗ್ಗಿಯನ್ನೇ ಕಲಿಸಿದ ನನ್ನಂಥವನಿಗೆ ಈ ನಾಲ್ಕರಲ್ಲಿ ಮೊದಲನೆಯದಷ್ಟೇ ಪರಿಚಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಆನ್‌ಲೈನ್ ಶಿಕ್ಷಣದ ಗುಣ ಮತ್ತು ಕೊರತೆ

2020ರ ಜೂನ್ 1ರಂದು ಕೇರಳದಲ್ಲಿ ಕೊರೋನಾ ಕಾರಣದಿಂದ ಶಾಲೆಯ ಬಾಗಿಲು ತೆರೆಯದೆ, ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದುದು ಎಲ್ಲರಿಗೂ ನೆನಪಿದೆ. ಅಂದಿನಿಂದ ನಮ್ಮ ಮನೆಗಳಲ್ಲಿ ಮೊಬೈಲು ಪಾಠದ ಸಾಧನವೂ ಆಯಿತು. ಆದರೆ ಅಲ್ಲಿ ಅಧ್ಯಾಪಕರು ಹೇಳುತ್ತಾರೆ, ಮಗು ನೋಡುತ್ತದೆ. ಮಗುವಿನ ಮುಖ ಬಾಡಿದರೂ ಅರಳಿದರೂ ಅಧ್ಯಾಪಕರಿಗೆ ಕಾಣಿಸುವುದಿಲ್ಲ. ಆ ಕಷ್ಟಕಾಲದಲ್ಲಿ ಬೇರೆ ಉಪಾಯವಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಹಿರಿಯರಿಗಾಗಿ ಇರುವ ಆನ್‌ಲೈನ್ ಕೋರ್ಸುಗಳ ಚರಿತ್ರೆ ಅದಕ್ಕಿಂತ ಹಳೆಯದು. 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಒಂದು ಕೋರ್ಸಿನಲ್ಲಿ ಶುಲ್ಕ ಕೊಟ್ಟು ಕಲಿತವರು ಸುಮಾರು 25 ಮಂದಿಯಾದರೆ, ಹೊರಗಿನಿಂದ ಉಚಿತವಾಗಿ ಸೇರಿದವರು 2 ಸಾವಿರಕ್ಕೂ ಮಿಕ್ಕಿ. 2012ರಲ್ಲಿ ಕೋರ್ಸೆರಾ, ಎಡೆಕ್ಸ್ ಮುಂತಾದ ಸಂಸ್ಥೆಗಳು ಹುಟ್ಟಿಕೊಂಡು, ಲಕ್ಷಾಂತರ ಜನ ಇಂತಹ ಕೋರ್ಸುಗಳಿಗೆ ಹೆಸರು ಕೊಟ್ಟರು. 2017ರಲ್ಲಿ ನಮ್ಮ ಕೇಂದ್ರ ಸರಕಾರವೂ ‘ಸ್ವಯಂ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು.

ಹೆಸರು ಕೊಡುವುದು ಸುಲಭ, ಮುಗಿಸುವುದು ಕಷ್ಟ. ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳು ನಡೆಸಿದ ಆನ್‌ಲೈನ್ ಕೋರ್ಸುಗಳನ್ನು ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017–18ರಲ್ಲಿ ಕೋರ್ಸನ್ನು ಪೂರ್ಣಗೊಳಿಸಿದವರು ನೂರಕ್ಕೆ ಸುಮಾರು 3 ಮಂದಿ ಮಾತ್ರ. ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೋರ್ಸಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಉಪನ್ಯಾಸಕರು ಅಪ್ರಸಿದ್ಧರೆಂದಲ್ಲ, ಪಾಠ ಕೆಟ್ಟದೆಂದಲ್ಲ. ನಿವೃತ್ತಿಯ ಬಳಿಕ ನಾನೂ ಇಂತಹ ಒಂದು ಕೋರ್ಸನ್ನು ಸೇರಿ ಎರಡನೆಯ ವಾರಕ್ಕೆ ಬಿಟ್ಟಿದ್ದೆ. ಬಿಟ್ಟೆನೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯುವವರು ಯಾರೂ ಅಲ್ಲಿ ಇರಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗ ಮೂರು ದಿನ ಕಾಣಿಸದಿದ್ದರೆ ಅವನ ಮನೆಗೆ ಹೇಳಿಕಳುಹಿಸುತ್ತಿದ್ದ ನಮಗೆ ಇದು ವಿಚಿತ್ರವಾಗಿ ತೋರುವುದು ಸಹಜ.

ಈ ಕೊರತೆಯನ್ನು ಅರಿತೇ ಎಂ.ಐ.ಟಿ.ಯ ಮೀಡಿಯಾ ಲ್ಯಾಬಿನವರು 2013ರಲ್ಲಿ ಸೃಜನಶೀಲ ಕಲಿಕೆಯನ್ನು ಕುರಿತೇ ಒಂದು ಆನ್‌ಲೈನ್ ಕೋರ್ಸನ್ನು ಬೇರೆ ಬಗೆಯಲ್ಲಿ ನಡೆಸಿದರು. ಜಗತ್ತಿನ ನಾನಾ ಕಡೆಯ ಸಾವಿರಾರು ಜನ ಅದಕ್ಕೆ ಸೇರಿದರು. ಅಷ್ಟು ಜನರನ್ನು ಒಂದೇ ಸಭೆಯಾಗಿ ಕೂರಿಸದೆ ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಪರಸ್ಪರ ಕೆಲಸವನ್ನು ನೋಡಿ ಮಾತನಾಡಿಕೊಳ್ಳುವಂತೆ ಏರ್ಪಡಿಸಿದ್ದರು. ಮೊದಲ ಕೆಲಸವಾಗಿ ಅವರು ಕೊಟ್ಟದ್ದು ಪರೀಕ್ಷೆಯನ್ನಲ್ಲ. ಪಾಪರ್ಟ್ ಅವರು 1980ರ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಎಳವೆಯಲ್ಲಿ ತಾವು ಹಲ್ಲುಗಾಲಿಗಳಿಗೆ ಮರುಳಾದುದನ್ನೂ, ಮುಂದೆ ಗುಣಾಕಾರವನ್ನೂ ಸಮೀಕರಣಗಳನ್ನೂ ಆ ಗಾಲಿಗಳ ಮೂಲಕವೇ ಅರ್ಥ ಮಾಡಿಕೊಂಡುದನ್ನೂ ಬರೆದಿದ್ದಾರೆ. ಅದನ್ನು ಓದಿ, ನಿಮ್ಮ ಬಾಲ್ಯದಲ್ಲಿ ನಿಮ್ಮನ್ನು ಹಾಗೆ ಸೆಳೆದ ಒಂದು ವಸ್ತುವಿನ ಕುರಿತು ಬರೆಯಿರಿ ಎಂಬುದೇ ಆ ಕೆಲಸ. ನಮ್ಮ ಹಳೆ ವಿದ್ಯಾರ್ಥಿಗಳು ತಮ್ಮ ಶಿಬಿರವನ್ನೂ ಇದೇ ಕೆಲಸದಿಂದ ಆರಂಭಿಸಿದರು.

ಏತದ ಕಥೆ

ನಾನು ಬರೆದದ್ದು ನಮ್ಮ ತೋಟದ ಏತದ ಕುರಿತು. ಈಗಿನ ಮಕ್ಕಳು ಅದನ್ನು ಕಂಡಿರಲಾರರು. ಎರಡು ಕಂಬಗಳ ನಡುವೆ ಒಂದು ಉದ್ದದ ಮರ. ಎದುರು ತುದಿಯಿಂದ ಬಿದಿರಿನ ಗಳು ಇಳಿಬಿದ್ದು, ಅದರ ಕೊನೆಯಲ್ಲಿ ನೀರೆತ್ತುವ ಪಾತ್ರೆ. ಹಿಂದಿನ ತುದಿಯಲ್ಲಿ ಕಟ್ಟಿದ ಕಲ್ಲು. ತೀರ್ಥರೂಪರು ಏತ ಎತ್ತುವಾಗ ಹತ್ತಿರ ನಿಂತು ನೋಡುವುದೇ ನನಗೆ ಆಟವಾಗಿತ್ತು. ಕಲ್ಲನ್ನು ಕಂಬದ ಕಡೆಗೆ ಸರಿಸಿದರೆ ಪಾತ್ರೆಯನ್ನು ಇಳಿಸುವುದು ಹಗುರ, ತುಂಬಿದ ಪಾತ್ರೆಯನ್ನು ಎತ್ತುವುದು ಭಾರ. ಕಲ್ಲನ್ನು ತುದಿಗೆ ಸರಿಸಿದರೆ ಇದಕ್ಕೆ ವಿರುದ್ಧ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮುಂದೆ ಹೈಸ್ಕೂಲಿನಲ್ಲಿ ಸನ್ನೆಯ ತತ್ವದ ಪಾಠ ಬಂದಾಗ ನನಗೆ ಮಾತ್ರ ಅದು ಹಳೆಯ ಗೆಳೆಯನಂತೆ ಕಂಡಿತು.

ಬರೆಯುತ್ತಿದ್ದಂತೆ ಒಂದು ವಿಷಯ ಹೊಳೆದು ಕೈ ನಿಂತಿತು. ಮೂವತ್ತು ವರ್ಷ ನಾನು ಸನ್ನೆಯ ಪಾಠವನ್ನೂ ವಿಲೋಮ ಅನುಪಾತದ ಲೆಕ್ಕವನ್ನೂ ಮಾಡಿದವನು. ಶಾಲೆಯ ಹಿಂದಿನ ತೋಟದಲ್ಲಿಯೇ ಒಂದು ಏತವಿತ್ತು. ಒಂದು ಸಲವಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಕರಿಹಲಗೆಯ ಮೇಲೆ ತ್ರಿಕೋನದ ಮೇಲೊಂದು ಗೆರೆ ಎಳೆದು, ಸೂತ್ರ ಬರೆದು ಮುಗಿಸಿದೆ.

ಅದನ್ನು ಬರೆದು ಗುಂಪಿಗೆ ಹಾಕಿದ ಮೇಲೆ ನಾನು ದಿನಕ್ಕೆ ನಾಲ್ಕು ಸಲ ಮೊಬೈಲನ್ನು ತೆಗೆದು ನೋಡುತ್ತಿದ್ದೆನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಎಂಟು ಮಂದಿ ಕೈಮುಗಿಯುವ ಚಿತ್ರವನ್ನು ಹಾಕಿದ್ದರು, ಇಲ್ಲವೆ ‘ತುಂಬಾ ಚೆನ್ನಾಗಿದೆ ಸರ್’ ಎಂದು ಬರೆದಿದ್ದರು. ಸಂತೋಷವೇ. ಆದರೆ ಆ ಸಂತೋಷದಿಂದ ಮುಂದಿನ ಹೆಜ್ಜೆ ಹುಟ್ಟಲಿಲ್ಲ. ಒಂಬತ್ತನೆಯ ಉತ್ತರ ಗಲ್ಫಿನಲ್ಲಿ ದಾದಿಯಾಗಿರುವ ನಮ್ಮ ಒಬ್ಬ ಹಳೆ ವಿದ್ಯಾರ್ಥಿನಿಯದು: ‘ಸರ್, ಕಲ್ಲನ್ನು ಎಷ್ಟು ಸರಿಸಿದರೆ ಎಷ್ಟು ಹಗುರವಾಗುತ್ತಿತ್ತು? ಅದನ್ನು ಈಗ ಅಳೆದು ನೋಡಲು ಸಾಧ್ಯವೇ? ನನ್ನ ಮಗಳಿಗೆ ತೋರಿಸಬೇಕಿತ್ತು.’

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಜತೆಗೆ ಕೂರಿಸಿಕೊಂಡು ಅಡಿಕೆ ಸಲಾಕೆಯ ಒಂದು ಪುಟ್ಟ ಏತವನ್ನು ಮಾಡತೊಡಗಿದೆ. ಮೊದಲನೆಯದು ಮುರಿಯಿತು. ಎರಡನೆಯದು ಒಂದೇ ಕಡೆಗೆ ವಾಲಿತು. ಮೂರನೆಯದು ನಿಂತಿತು. ಗೆರೆ ಗುರುತು ಹಾಕಿ, ಕಲ್ಲಿನ ಬದಲು ಹುಣಸೆ ಬೀಜಗಳನ್ನು ಕಟ್ಟಿ ಅಳೆದೆವು. ಮುರಿದ ಎರಡರ ಚಿತ್ರವನ್ನೂ ಸೇರಿಸಿ ಕಳುಹಿಸಿದೆ. ಎಂಟು ಹೊಗಳಿಕೆಗಳು ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡಿತು. ಪ್ರೋತ್ಸಾಹವೆಂದರೆ ಹೊಗಳಿಕೆಯಲ್ಲ, ಇನ್ನೊಬ್ಬರು ಮಾಡಿದ ಕೆಲಸವನ್ನು ನಿಜವಾಗಿ ನೋಡಿ ಆಡುವ ಮಾತು ಎಂಬುದನ್ನು ನಾನು ಕಲಿತದ್ದು ಹೀಗೆ.

ಹೊಗಳಿಕೆ ಮತ್ತು ಬಹುಮಾನ

ಹೊಗಳಿಕೆಯ ವಿಷಯದಲ್ಲಿ ವಿದ್ವಾಂಸರು ನಡೆಸಿದ ಎರಡು ಪ್ರಯೋಗಗಳನ್ನು ಅಧ್ಯಾಪಕರೂ ಹೆತ್ತವರೂ ತಿಳಿದಿರಬೇಕು. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಚಿತ್ರ ಬಿಡಿಸುವುದರಲ್ಲಿ ಸ್ವತಃ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪುಗಳಾಗಿ ಮಾಡಿದರು. ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆಯೂ ಪಟ್ಟಿಯೂ ಇರುವ ಪ್ರಶಸ್ತಿ ಪತ್ರ ಸಿಗುವುದೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಮೊದಲು ಹೇಳದೆ ಕೊನೆಗೆ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ಬಳಿಕ ನೋಡಿದರೆ, ಬಹುಮಾನದ ಆಸೆಯಿಂದ ಬಿಡಿಸಿದ ಮಕ್ಕಳು ಬಣ್ಣದ ಪೆನ್ನುಗಳೊಂದಿಗೆ ಕಳೆದ ಸಮಯ ಉಳಿದವರ ಸುಮಾರು ಅರ್ಧದಷ್ಟೇ ಆಗಿತ್ತು. ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಅವರಿಗೆ ಕೂಲಿಯ ಕೆಲಸವಾಗಿಬಿಟ್ಟಿತ್ತು.

1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೋಲ್ ಡ್ವೆಕ್ ಎಂಬ ವಿದುಷಿಯರು ಪ್ರಕಟಿಸಿದ ಅಧ್ಯಯನವೂ ಹೀಗೆಯೇ ಮನನೀಯವಾಗಿದೆ. ಸಮಸ್ಯೆಗಳನ್ನು ಬಿಡಿಸಿದ ಐದನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಿಸಿದೆ’ ಎಂದೂ ಹೇಳಲಾಯಿತು. ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ, ಬುದ್ಧಿವಂತರೆನಿಸಿಕೊಂಡವರು ಮುಂದುವರಿಯಲು ಕಡಮೆ ಉತ್ಸಾಹ ತೋರಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಆ ಉತ್ಸಾಹ ಹೆಚ್ಚಾಗಿತ್ತು. ‘ಜಾಣ’ ಎಂಬ ಬಿರುದನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿ ಮಗುವು ಕಷ್ಟದ ಕೆಲಸಕ್ಕೆ ಕೈಹಾಕಲು ಅಂಜುತ್ತದೆ.

ಇದರಿಂದ ನಮ್ಮ ಶಿಬಿರಕ್ಕೆ ಒಂದು ಪಾಠ ಸಿಕ್ಕಿತು. ಪ್ರಮಾಣಪತ್ರವನ್ನು ಮೊದಲ ದಿನವೇ ಘೋಷಿಸಬಾರದು. ಕೊಡುವುದಾದರೆ ಕೊನೆಗೆ, ಅವರವರು ಮಾಡಿದ ಕೆಲಸವನ್ನು ಹೆಸರಿಸಿ ಕೊಡಬೇಕು.

ಬಿಟ್ಟುಹೋದವರನ್ನು ಕರೆತಂದುದು

ಮೂರನೆಯ ವಾರ ಇಪ್ಪತ್ತು ಮಂದಿ ಮೌನವಾದಾಗ, ಶಿಬಿರ ನಡೆಸುವವರು ‘ದಯವಿಟ್ಟು ಎಲ್ಲರೂ ಭಾಗವಹಿಸಿ’ ಎಂದು ಗುಂಪಿಗೆ ಎರಡು ಸಲ ಬರೆದರು. ಒಬ್ಬರೂ ಬರಲಿಲ್ಲ. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದಂತಾಗುವುದಿಲ್ಲ. ಆಗ ನಾವು ಐದು ಮಂದಿ ಹೆಸರುಗಳನ್ನು ಹಂಚಿಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿದೆವು. ಕಾರಣಗಳು ಸರಳವಾಗಿದ್ದವು. ಒಬ್ಬರಿಗೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. ಒಬ್ಬ ತಾಯಿಗೆ ರಾತ್ರಿ ಹತ್ತರ ಮೇಲಷ್ಟೇ ಬಿಡುವು. ಇಬ್ಬರಿಗೆ ಕನ್ನಡದಲ್ಲಿ ಟೈಪು ಮಾಡಲು ಬಾರದು. ಅನೇಕರು ಹೇಳಿದ್ದು, ‘ಒಂದು ವಾರ ತಪ್ಪಿತು, ಇನ್ನು ಬಂದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ’ ಎಂದು.

ನನ್ನ ಪಾಲಿಗೆ ಬಂದ ಹೆಸರುಗಳಲ್ಲಿ ಪಂಪು ದುರಸ್ತಿಯ ಅಂಗಡಿಯಿರುವ ನನ್ನ ಒಬ್ಬ ಹಳೆ ವಿದ್ಯಾರ್ಥಿಯೂ ಇದ್ದ. ಅವನು ಫೋನು ತೆಗೆಯಲಿಲ್ಲ. ಅಂಗಡಿ ದಾರಿಯಲ್ಲೇ ಇದ್ದುದರಿಂದ ಒಂದು ಸಂಜೆ ಹೋದೆ. ಸ್ಟೂಲು ಒರಸಿ ಕೂರಿಸಿ, ಚಹಾ ತರಿಸಿ, ಬಹಳ ಹೊತ್ತು ಬೇರೆ ಮಾತನಾಡಿದ. ಹೊರಡುವ ಹೊತ್ತಿಗೆ, ತಲೆ ತಗ್ಗಿಸಿ ಹೇಳಿದ:

‘ಮಾಷ್ಟ್ರೇ, ನಾನು ಬರೆದರೆ ನೀವು ಅದರ ಮೇಲೆ ಕೆಂಪು ಗೆರೆ ಎಳೆಯುತ್ತೀರಿ ಅಂತ ಹೆದರಿಕೆ ಆಯಿತು. ಅದಕ್ಕೇ ಬಿಟ್ಟೆ.’

ನಗುತ್ತಾ ಹೇಳಿದ್ದು. ಆದರೆ ನನಗೆ ನಗು ಬರಲಿಲ್ಲ. ಅವನು ಆರನೆಯ ತರಗತಿಯಲ್ಲಿದ್ದಾಗ ಶಾಲೆಯ ಪಕ್ಕದ ತೋಡಿನಲ್ಲಿ ಅಡಿಕೆ ಹಾಳೆಯ ತುಂಡುಗಳಿಂದ ನೀರಿಗೆ ತಿರುಗುವ ಒಂದು ಚಕ್ರವನ್ನು ಮಾಡಿದ್ದ. ಅದಕ್ಕಾಗಿ ಗಣಿತದ ತರಗತಿಗೆ ತಡವಾಗಿ ಬಂದ. ನಾನು ಆ ಚಕ್ರವನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದು, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆ ವರ್ಷದ ಅವನ ನೋಟು ಪುಸ್ತಕದ ತುಂಬ ನನ್ನ ಕೆಂಪು ಶಾಯಿಯೇ. ಏಳನೆಯ ತರಗತಿ ಮುಗಿಸಿ ಅವನು ಶಾಲೆ ಬಿಟ್ಟ. ಇಂದು ನಮ್ಮ ಊರಿನ ನೂರಾರು ತೋಟಗಳ ನೀರು ಅವನ ಕೈಗುಣದಿಂದ ಹರಿಯುತ್ತಿದೆ.

‘ಬರೆಯುವುದು ಬೇಡ. ಆ ಚಕ್ರವನ್ನು ಹೇಗೆ ಮಾಡಿದ್ದೆ, ಬಾಯಲ್ಲಿ ಹೇಳು. ನನಗೆ ಆವತ್ತು ಕೇಳಬೇಕಿತ್ತು, ಕೇಳಲಿಲ್ಲ’ ಎಂದೆ. ಅವನು ಮೊಬೈಲಿಗೆ ಮಾತನಾಡಿದ. ಹಾಳೆಯನ್ನು ನೀರಿನಲ್ಲಿ ನೆನೆಸಿ ಬಾಗಿಸಿದ್ದು, ರೆಕ್ಕೆ ಆರಾದರೆ ನಿಂತುಹೋಗುತ್ತಿತ್ತು, ಎಂಟಾದಾಗ ತಿರುಗಿದ್ದು, ಎಲ್ಲವೂ ಅವನಿಗೆ ನೆನಪಿತ್ತು. ಆರು ನಿಮಿಷದ ಆ ಧ್ವನಿಯನ್ನು ಗುಂಪಿಗೆ ಹಾಕಿದೆವು. ರೆಕ್ಕೆಯ ಕೋನದ ಕುರಿತು ಬೆಂಗಳೂರಿನ ಇಂಜಿನಿಯರೊಬ್ಬರು ಅವನನ್ನು ಪ್ರಶ್ನಿಸಿದರು. ಇವನು ಉತ್ತರಿಸಿದ. ಕೊನೆಯ ದಿನ ಅವನು ಈಗಿನ ಏಳನೆಯ ತರಗತಿಯ ಮಕ್ಕಳೊಂದಿಗೆ ಅದೇ ತೋಡಿನಲ್ಲಿ ಚಕ್ರವನ್ನು ತಿರುಗಿಸಿ ತೋರಿಸಿದ. ನಾನು ದಡದಲ್ಲಿ ಕುಳಿತು ನೋಡಿದೆ.

ಸಾಂಬಾ ಶಾಲೆ ಮತ್ತು ನಮ್ಮ ಚೌಕಿ

ಪಾಪರ್ಟ್ ತಮ್ಮ ಗ್ರಂಥದಲ್ಲಿ ಬ್ರೆಜಿಲ್ ದೇಶದ ‘ಸಾಂಬಾ ಶಾಲೆ’ಗಳನ್ನು ವರ್ಣಿಸುತ್ತಾರೆ. ಕಾರ್ನಿವಲ್ ಎಂಬ ಹಬ್ಬಕ್ಕಾಗಿ ಮಕ್ಕಳು, ಮುದುಕರು, ನುರಿತವರು, ಹೊಸಬರು ಒಂದೇ ಕಡೆ ಸೇರಿ ಕುಣಿಯುತ್ತಾರೆ. ಒಬ್ಬರಿಗೊಬ್ಬರು ಕಲಿಸುತ್ತಾರೆ. ನುರಿತವನೂ ಅಲ್ಲಿ ಕಲಿಯುತ್ತಲೇ ಇರುತ್ತಾನೆ. ಕಂಪ್ಯೂಟರಿನ ಕಾಲದ ಕಲಿಕೆಯೂ ಹೀಗಿರಬೇಕೆಂಬುದು ಅವರ ಬಯಕೆ.

ಇದನ್ನು ಓದಿದಾಗ ನನಗೆ ನೆನಪಾದುದು ಯಕ್ಷಗಾನ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಸಾಂಬಾ ಶಾಲೆಯನ್ನು ಬೇರೆ ವಿವರಿಸಬೇಕಿಲ್ಲ. ಹೊಸಬನಿಗೆ ಮೊದಲು ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ವೇಷ. ಅಲ್ಲಿ ತಪ್ಪಿದರೂ ಪ್ರಸಂಗ ಕೆಡುವುದಿಲ್ಲ. ಆದರೆ ಅವನು ಅದೇ ರಂಗಸ್ಥಳದಲ್ಲಿ, ಅದೇ ಚೆಂಡೆಗೆ ಕುಣಿಯುತ್ತಾನೆ. ಅದೇ ಚೌಕಿಯಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಬಣ್ಣ ಹಚ್ಚುತ್ತಾನೆ. ಒಳಬರುವ ಬಾಗಿಲು ಎಲ್ಲರಿಗೂ ಎಟುಕುವಷ್ಟು ತಗ್ಗಿನಲ್ಲಿ, ಏರಬಹುದಾದ ಎತ್ತರ ಮಾತ್ರ ಅವರವರ ಸಾಧನೆಗೆ ಬಿಟ್ಟದ್ದು. ಪಾಪರ್ಟ್ ಹೇಳುವ ತಗ್ಗಿನ ನೆಲ, ಎತ್ತರದ ಮಾಡು ಎಂಬ ತತ್ವ ನಮ್ಮ ಬಯಲಾಟದಲ್ಲಿ ಮೊದಲಿನಿಂದಲೂ ಇದೆ. ಆನ್‌ಲೈನ್ ಶಿಬಿರದಲ್ಲಿಯೂ ಕೋಡಂಗಿ ವೇಷಕ್ಕೆ ಸಮನಾದ ಕೆಲಸವೊಂದು ಮೊದಲ ವಾರದಲ್ಲಿ ಇರಬೇಕು.

ಎರಡನೆಯ ಶಿಬಿರದವರಿಗೆ ಕೆಲವು ಸೂಚನೆಗಳು

ಅನುಭವದಿಂದ ಕಂಡುಕೊಂಡುದನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಶಿಬಿರಾರ್ಥಿಯ ಮೊದಲ ಬರಹಕ್ಕೆ ಎರಡು ದಿನಗಳ ಒಳಗೆ ಒಬ್ಬರಾದರೂ ಉತ್ತರಿಸಬೇಕು. ಆ ಉತ್ತರದಲ್ಲಿ ಅವರ ಕೆಲಸದಲ್ಲಿ ಕಂಡ ಒಂದು ವಿವರವೂ, ಕೇಳಬೇಕೆನಿಸಿದ ಒಂದು ಪ್ರಶ್ನೆಯೂ ಇರಲಿ. ಬರಿಯ ‘ಚೆನ್ನಾಗಿದೆ’ ಸಾಲದು.

ಎರಡನೆಯದಾಗಿ, ಐದಾರು ಮಂದಿಯ ಗುಂಪುಗಳಿರಲಿ. ಒಬ್ಬರು ಕಾಣೆಯಾದರೆ ಉಳಿದವರಿಗೆ ತಿಳಿಯುವಷ್ಟು ಗುಂಪು ಚಿಕ್ಕದಿರಬೇಕು. ಕಾಣೆಯಾದವರನ್ನು ಹೆಸರು ಹಿಡಿದು, ಪ್ರತ್ಯೇಕವಾಗಿ ವಿಚಾರಿಸಬೇಕು. ಯಾಕೆ ಬರಲಿಲ್ಲವೆಂದು ಕೇಳುವುದಕ್ಕಿಂತ, ನಿಮ್ಮ ಆ ಕೆಲಸ ಎಲ್ಲಿಗೆ ಬಂತೆಂದು ಕೇಳುವುದು ಮೇಲು.

ಮೂರನೆಯದಾಗಿ, ನಡೆಸುವವರು ತಮ್ಮ ಮುರಿದ ಏತವನ್ನು ಮೊದಲು ತೋರಿಸಬೇಕು. ಗುರುವಿನ ಸೋಲನ್ನು ಕಂಡ ಮೇಲೆ ಶಿಷ್ಯನಿಗೆ ತನ್ನ ಅರ್ಧ ಕೆಲಸವನ್ನು ತೋರಿಸಲು ಧೈರ್ಯ ಬರುತ್ತದೆ.

ನಾಲ್ಕನೆಯದಾಗಿ, ಬರಹ, ಧ್ವನಿ, ಚಿತ್ರ, ಯಾವುದರಲ್ಲಿ ಬೇಕಾದರೂ ಹೇಳುವ ಅವಕಾಶವಿರಲಿ. ಕನ್ನಡದಲ್ಲಿ, ಮನೆಯ ತುಳುವಿನಲ್ಲಿ, ಹವ್ಯಕದಲ್ಲಿ, ಮಲಯಾಳದಲ್ಲಿ ಹೇಳಿದರೂ ಸ್ವಾಗತವಿರಲಿ. ಕಾಗುಣಿತವನ್ನು ಅಲ್ಲಿ ತಿದ್ದಬಾರದು. ಇದನ್ನು ಹೇಳುತ್ತಿರುವವನು ಕಾಗುಣಿತಕ್ಕಾಗಿ ಬೆತ್ತ ಹಿಡಿದವನು ಎಂಬುದು ನಿಮಗೆಲ್ಲ ಗೊತ್ತಿದೆ. ಕಾಗುಣಿತಕ್ಕೆ ಅದರದೇ ಆದ ಸಮಯ ಉಂಟು.

ಐದನೆಯದಾಗಿ, ಕಂಪ್ಯೂಟರು ಇಲ್ಲದವರು ಹಿಂದೆ ಬೀಳಬಾರದು. ಹಾಳೆ, ಸಲಾಕೆ, ಗೆರಟೆ, ಹಳೆಯ ಬಟ್ಟೆ ಇವುಗಳಿಂದಲೂ ಸೃಜನಶೀಲ ಕೆಲಸ ಸಾಧ್ಯ. ಕೆಲಸಕ್ಕೆ ಹಿಡಿದ ಅವಧಿ ತಪ್ಪಿದರೆ ಬಾಗಿಲು ಮುಚ್ಚಿತೆಂದು ಯಾರಿಗೂ ಅನ್ನಿಸಬಾರದು.

ಕೊನೆಯದಾಗಿ, ಸೇರಬಯಸುವವರಿಗೆ ಒಂದು ಮಾತು. ನೀವು ಶಿಬಿರದಿಂದ ಏನನ್ನು ಪಡೆಯುತ್ತೀರಿ ಎಂಬುದರಷ್ಟೇ, ಇನ್ನೊಬ್ಬರ ಕೆಲಸಕ್ಕೆ ನೀವು ಏನು ಉತ್ತರಿಸಿದಿರಿ ಎಂಬುದೂ ಮುಖ್ಯ. ವಾರಕ್ಕೆ ಹತ್ತು ನಿಮಿಷ ಅದಕ್ಕಾಗಿ ಮೀಸಲಿಡಿ.

ಅರಿಕೆ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಾಗ ನಾನು ಇನ್ನೂ ಶಾಲೆಗೆ ಸೇರದ ಬಾಲಕ. ಅಂದಿನಿಂದ ಇಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದವರು ಊರಿನ ಹೆತ್ತವರು. ನನ್ನ ಸೇವೆಯ ಕಾಲದಲ್ಲಿ ನಲುವತ್ತು ಮಕ್ಕಳು ಕಿಕ್ಕಿರಿದಿದ್ದ ನಮ್ಮ ಒಂದನೆಯ ತರಗತಿಯಲ್ಲಿ ಈಗ ಮಕ್ಕಳು ಬೆರಳೆಣಿಕೆಯಷ್ಟು. ಭಾಷೆಯ ಅಭಿಮಾನವೊಂದನ್ನೇ ಹೇಳಿ ಮಕ್ಕಳನ್ನು ಕರೆತರಲು ಇನ್ನು ಆಗದು. ಇಲ್ಲಿಗೆ ಬಂದ ಮಗು ತನ್ನ ಕೈಯಾರೆ ಏನನ್ನಾದರೂ ಮಾಡುತ್ತದೆ, ಮಾಡಿದ್ದನ್ನು ಕನ್ನಡದಲ್ಲಿ ಹೇಳುತ್ತದೆ, ಹೇಳಿದ್ದನ್ನು ಕೇಳುವವರು ಇಲ್ಲಿದ್ದಾರೆ ಎಂಬ ನಂಬಿಕೆ ಹೆತ್ತವರಿಗೆ ಬರಬೇಕು. ಮಕ್ಕಳು ಕಡಮೆಯಿರುವ ತರಗತಿಯಲ್ಲಿ ಒಬ್ಬೊಬ್ಬರ ಕೆಲಸವನ್ನೂ ನೋಡಲು ಅಧ್ಯಾಪಕರಿಗೆ ಸಮಯವಿದೆ. ನಲುವತ್ತು ಮಕ್ಕಳ ಮುಂದೆ ನಿಂತಿದ್ದ ನನಗೆ ಆ ಭಾಗ್ಯ ಇರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಹಾಳೆಯ ಚಕ್ರವನ್ನು ನೋಡಲು ಎರಡು ನಿಮಿಷ ಸಾಕಿತ್ತು.

ದೂರದ ಊರುಗಳಲ್ಲಿರುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ನೀವು ಕೊಟ್ಟ ಕಟ್ಟಡ, ಬೆಂಚು, ಕಂಪ್ಯೂಟರುಗಳಿಗಾಗಿ ಊರು ಕೃತಜ್ಞವಾಗಿದೆ. ಅದರ ಜತೆಗೆ ಎರಡನೆಯ ಶಿಬಿರದಲ್ಲಿ ಒಬ್ಬ ಅಧ್ಯಾಪಕರ, ಒಬ್ಬ ತಾಯಿಯ, ಒಬ್ಬ ಹುಡುಗನ ಕೆಲಸವನ್ನು ನೋಡಿ ಒಂದು ಪ್ರಶ್ನೆ ಕೇಳಿರಿ. ನಾನು ನನ್ನ ಹೆಸರನ್ನು ಮತ್ತೊಮ್ಮೆ ನೋಂದಾಯಿಸಿದ್ದೇನೆ. ಈ ಸಲ ಪಂಪು ದುರಸ್ತಿಯ ನಮ್ಮ ವಿದ್ಯಾರ್ಥಿ ಒಂದು ಗುಂಪನ್ನು ನಡೆಸಲಿದ್ದಾನೆ. ಅದೇ ಗುಂಪಿನಲ್ಲಿ ನನ್ನನ್ನು ಸೇರಿಸಿರೆಂದು ಸಂಘಟಕರಲ್ಲಿ ಕೇಳಿಕೊಂಡಿದ್ದೇನೆ.